ಬೊಚ್ಚುಬಾಯಿಯ ಬೂಷ್ಟು

ಮೇ ೨೬

ಅಕ್ಕಾ,

ಫೋನ್ ಮಾಡಬೇಡ. ಮೊನ್ನೆ ನೀನು ಅಷ್ಟು ಹೊತ್ತು ಮಾತಾಡಿದೆ, ನಾನು ಹೂಂ ಹೂಂ ಅಂದೆ. ಫೋನ್ ಇಟ್ಟ ಮೇಲೆ ಇವರು "ಏನಂದ್ರು ನಿಮ್ಮಕ್ಕ?" ಅಂತ ಕೇಳಿದರೆ ಒಂದು ಪದವೂ ಬಾಯಿಗೆ ಬರಲಿಲ್ಲ. ಬರೆದು ಕಳಿಸು. ಬರೆದದ್ದನ್ನು ನಿಧಾನವಾಗಿ ಓದಬಹುದು, ಅಳು ಬಂದರೆ ಮಡಚಿಟ್ಟು ಆಮೇಲೆ ಮುಂದುವರಿಸಬಹುದು. ಇಲ್ಲಿ ಮಗುವಿನ ಕೋಣೆಯೊಳಗೆ ಫೋನ್ ತರಲು ಬಿಡುವುದೂ ಇಲ್ಲ.

ಮೆಣಸು ಆಸ್ಪತ್ರೆ ಸೇರಿ ಇದು ಮೂರನೇ ವಾರ. ಮೆಣಸು ಅನ್ನುವ ಹೆಸರಿಗೆ ತಕ್ಕ ಹಾಗೆ ಇದ್ದ ಹುಡುಗಿ ಈಗ ನರ್ಸು ಸೂಜಿ ಚುಚ್ಚಿದರೂ ಸುಮ್ಮನೆ ಕೈ ಚಾಚುತ್ತಾಳೆ. ಅದನ್ನೇ ನನಗೆ ನೋಡಲಾಗುತ್ತಿಲ್ಲ. ಒಂಬತ್ತು ವರ್ಷದಲ್ಲಿ ಒಂದು ದಿನವೂ ಅವಳು ನನ್ನ ಮಾತನ್ನು ಸುಮ್ಮನೆ ಕೇಳಿದವಳಲ್ಲ.

ಶ್ವಾಸಕೋಶದಿಂದ ಒಂದು ಚೂರು ತೆಗೆದು ನೋಡಿದರಂತೆ. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಇದು ಕ್ಷಯ ಅಲ್ಲ, ನ್ಯುಮೋನಿಯಾನೂ ಅಲ್ಲ, ಬೂಷ್ಟು ಅಂದರು. ಆಮೇಲೆ ಅದರ ಉದ್ದನೆಯ ಹೆಸರು ಹೇಳಿದರು. ನನಗೆ ನಗು ಬಂದುಬಿಟ್ಟಿತು ಅಕ್ಕ. ಹದಿನೈದು ವರ್ಷದಿಂದ ನಮ್ಮ ಮನೆಯ ಊಟದ ಮೇಜಿನ ಮೇಲೆ ಓಡಾಡಿದ ಹೆಸರು ಅದು. ಅಮ್ಮ ಇದ್ದಾಗ "ನನ್ನ ಹಿರಿ ಅಳಿಯನ ಹೆಸರು ಹೇಳೋಕೆ ನಾಲಿಗೆ ಹೊರಳಲ್ಲ" ಅಂತ ನಿನ್ನನ್ನು ರೇಗಿಸುತ್ತಿದ್ದರಲ್ಲ. ಆ ಹಿರಿ ಅಳಿಯ ಈಗ ನನ್ನ ಮಗಳ ಎದೆಯೊಳಗೆ ಕೂತಿದ್ದಾನೆ. ನಾನು ನಕ್ಕದ್ದು ನೋಡಿ ಇವರು ನನ್ನ ಭುಜ ಹಿಡಿದು ಹೊರಗೆ ಕರೆತಂದರು.

ನೀನು ಅದನ್ನು ಬಲ್ಲವಳು. ಮದುವೆ, ಸಂಸಾರ ಎಲ್ಲ ಬಿಟ್ಟು ಅದರ ಜೊತೆ ಬಾಳಿದವಳು. ಅದು ಯಾವುದಕ್ಕೆ ಹೆದರುತ್ತದೆ, ಯಾವುದಕ್ಕೆ ಸಾಯುತ್ತದೆ ಹೇಳು. ದಡ್ಡಿಗೆ ಹೇಳುವ ಹಾಗೆ ಹೇಳು.

ನಿನ್ನ ತಂಗಿ

*

ಮೇ ೩೦

ತಂಗೀ,

ನಿನ್ನ ಕಾಗದ ಬಂದ ಕೂಡಲೇ ರಜೆ ಕೇಳಿದೆ, ಆಮೇಲೆ ಬೇಡ ಅಂದೆ. ಅಲ್ಲಿಗೆ ಬಂದು ವರಾಂಡದಲ್ಲಿ ಕೂತರೆ ನಿನಗೆ ಅನ್ನ ಹಾಕಲು ಇನ್ನೊಂದು ಹೊಟ್ಟೆ, ಅಷ್ಟೇ. ಇಲ್ಲಿದ್ದರೆ ನಾಲ್ಕು ಮಂದಿ ತಿಳಿದವರನ್ನು ವಿಚಾರಿಸಬಹುದು.

ನೀನು ದಡ್ಡಿ ಅಲ್ಲ. ಕನ್ನಡಕದ ಅಂಗಡಿಯಲ್ಲಿ ಕೂತು ಗಾಜು ಉಜ್ಜಿ ಊರವರಿಗೆಲ್ಲ ದೃಷ್ಟಿ ಕೊಡುವವಳು. ಕೇಳು. ಈ ಬೂಷ್ಟು ಎಲ್ಲ ಕಡೆ ಇದೆ. ಅದರ ಬೀಜ ಕಣ್ಣಿಗೆ ಕಾಣದ ಧೂಳು. ನೀನು ಇದನ್ನು ಓದಿ ಮುಗಿಸುವಷ್ಟರಲ್ಲಿ ಒಂದಿಷ್ಟು ನಿನ್ನ ಮೂಗಿನೊಳಗೆ ಹೋಗಿರುತ್ತದೆ. ಹೋದದ್ದನ್ನು ರಕ್ತದ ಬಿಳಿ ಕಣಗಳು ಹಿಡಿದು ನುಂಗುತ್ತವೆ, ನುಂಗಿ ಅದರ ಮೇಲೆ ವಿಷ ಸುರಿಯುತ್ತವೆ. ಗಾಯಕ್ಕೆ ಹಾಕಿದರೆ ಬುಸುಬುಸು ನೊರೆ ಬರುವ ಔಷಧಿ ಇದೆಯಲ್ಲ, ಹೈಡ್ರೋಜನ್ ಪೆರಾಕ್ಸೈಡ್, ಅದೇ ಜಾತಿಯ ವಿಷ. ನಾವು ಉಸಿರಾಡುವ ಆಮ್ಲಜನಕದಿಂದಲೇ ಕಣಗಳು ಅದನ್ನು ತಯಾರಿಸುತ್ತವೆ.

ಬೂಷ್ಟೇನು ಕೈಕಟ್ಟಿ ಕೂರುವುದಿಲ್ಲ. ಅದರ ಜೀವಕೋಶದಲ್ಲಿ ಒಂದು ಪ್ರೋಟೀನು ಕೆಲಸವಿಲ್ಲದವನ ಹಾಗೆ ಅಡ್ಡಾಡಿಕೊಂಡಿರುತ್ತದೆ. ವಿಷ ತಗುಲಿದ್ದೇ ತಡ, ಅದರ ಆಕಾರ ಬದಲಾಗುತ್ತದೆ, ಜೀನುಗಳಿರುವ ಕೋಶಕೇಂದ್ರದೊಳಗೆ ನುಗ್ಗಿ ಹತ್ತಾರು ಜೀನುಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ವಿಷವನ್ನು ಒಡೆದು ನೀರು ಮಾಡುವ ಕಿಣ್ವ ಒಂದು ಜೀನಿನಿಂದ, ಸುಟ್ಟ ಭಾಗಗಳ ರಿಪೇರಿ ಇನ್ನೊಂದರಿಂದ. ನಮ್ಮವರು ಇದಕ್ಕೆ ಉತ್ಕರ್ಷಣ ಒತ್ತಡಕ್ಕೆ ಪ್ರತಿಕ್ರಿಯೆ ಅಂತ ಬಾಯಿ ತುಂಬುವ ಹೆಸರಿಟ್ಟಿದ್ದಾರೆ. ನಾನು ಸ್ವಿಚ್ಚು ಅನ್ನುತ್ತೇನೆ. ನನ್ನ ಹದಿನೈದು ವರ್ಷ ಹೋದದ್ದು ಈ ಒಂದು ಸ್ವಿಚ್ಚಿಗೆ. ಆ ಪ್ರೋಟೀನಿನ ಜೀನನ್ನೇ ಕಿತ್ತುಹಾಕಿ ಒಂದು ಬೂಷ್ಟು ಬೆಳೆಸಿದ್ದೇವೆ. ಪೆರಾಕ್ಸೈಡಿನ ಒಂದು ಹನಿಗೆ ಅದು ಸತ್ತುಬೀಳುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಅದನ್ನು ಬೊಚ್ಚಿ ಅಂತ ಕರೆಯುತ್ತಾರೆ, ಹಲ್ಲಿಲ್ಲದ್ದು ಅಂತ. ನಾಳೆ ಆ ಸ್ವಿಚ್ಚನ್ನು ಅಮುಕಿ ಹಿಡಿಯುವ ಮಾತ್ರೆ ಬಂದರೆ ಎಲ್ಲ ಬೂಷ್ಟೂ ಬೊಚ್ಚಿಯೇ.

ಆ ಮಾತ್ರೆ ಇನ್ನೂ ಬಂದಿಲ್ಲ. ಆದ್ದರಿಂದ ಈಗಿನ ಮಾತು ಹೇಳುತ್ತೇನೆ. ಗಟ್ಟಿಮುಟ್ಟಾದ ಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲ. ಮೆಣಸಿಗೆ ಚಿಕ್ಕಂದಿನಲ್ಲಿ ಕಿವಿಯ ಕೆಳಗೆ ಕೀವುಗಡ್ಡೆಯಾಗಿ ಎರಡು ಸಲ ಕೊಯ್ಸಿದ್ದಿರಲ್ಲ, ಮೈ ಉಷ್ಣ ಅಂತ ನೀವೆಲ್ಲ ಸುಮ್ಮನಾದಿರಿ. ಅವಳ ಬಿಳಿ ಕಣಗಳು ಆ ವಿಷ ತಯಾರಿಸುತ್ತವೆಯೋ ಇಲ್ಲವೋ ಪರೀಕ್ಷೆ ಮಾಡಲು ಹೇಳು. ಬಣ್ಣ ಹಾಕಿ ನೋಡುವ ಸುಲಭದ ಪರೀಕ್ಷೆ. ನನ್ನ ಹೆಸರು ಹೇಳಿ ಕೇಳು, ಮುಲಾಜು ಬೇಡ.

ಅವಳಿಗೆ ದೊಡ್ಡಮ್ಮನ ಮುತ್ತು.

ಅಕ್ಕ

*

ಜೂನ್ ೯

ಅಕ್ಕಾ,

ನೀನು ಹೇಳಿದ ಪರೀಕ್ಷೆ ಆಯಿತು. ಸರಿಯಿರುವ ಬಿಳಿ ಕಣ ಬಣ್ಣ ಹಾಕಿದರೆ ನೀಲಿಯಾಗುತ್ತದಂತೆ. ಮೆಣಸಿನ ಒಂದು ಕಣವೂ ನೀಲಿಯಾಗಲಿಲ್ಲ. ಡಾಕ್ಟರು ನನ್ನನ್ನೂ ಕರೆದು ತೋರಿಸಿದರು. ಪಕ್ಕದಲ್ಲಿ ಯಾರೋ ಬೇರೆಯವರ ರಕ್ತ, ಶಾಯಿ ಚೆಲ್ಲಿದ ಹಾಗೆ ನೀಲಿ. ಅವಳದು ಬಿಳಚಿಕೊಂಡಿತ್ತು. ಹುಟ್ಟಿನಿಂದಲೇ ಹಾಗಂತೆ. ಇವರ ಕಡೆಯಿಂದ ಒಂದು, ನನ್ನ ಕಡೆಯಿಂದ ಒಂದು ಕೆಟ್ಟ ಜೀನು ಸೇರಿ ಹೀಗಾಗಿದೆ ಅಂದರು. ನಮ್ಮಿಬ್ಬರಿಗೂ ಏನೂ ಆಗಿಲ್ಲ, ಕೂಡಿಸಿ ಅವಳಿಗೆ ಕೊಟ್ಟಿದ್ದೇವೆ. ಆಗಿನಿಂದ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಓಡಾಡುತ್ತಿದ್ದೇವೆ.

"ನಿಮ್ಮಕ್ಕ ಹೇಳದೇ ಹೋಗಿದ್ರೆ ನಾವಿನ್ನೂ ಕತ್ತಲಲ್ಲಿ ತಡಕಾಡ್ತಾ ಇರ್ತಿದ್ವಿ" ಅಂದರು ಡಾಕ್ಟರು. ನನಗೆ ಹೆಮ್ಮೆಯಾಯಿತು. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲೂ ಹೆಮ್ಮೆಯಾಯಿತು.

ಆಮೇಲೆ ಅವರು ಕೇಳಿದರು. ಕೊಳೆತ ಎಲೆ ರಾಶಿ, ಗೊಬ್ಬರ, ಹಳೇ ಹುಲ್ಲು, ಗೋಡೆ ಒಡೆಯುವ ಕೆಲಸ, ಇಂಥ ಕಡೆ ಎಲ್ಲಾದರೂ ಆಡಿದಳಾ ಅಂತ. ನಾಲ್ಕನೇ ಮಹಡಿಯ ಮನೆ, ಕುಂಡದಲ್ಲಿ ಒಂದು ಗಿಡವೂ ಇಲ್ಲ ಅಂದೆವು. ಆಗ ಹಾಸಿಗೆಯಿಂದ ಇವಳು "ದೊಡ್ಡಮ್ಮನ ಬೆಕ್ಕು" ಅಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ಮನೆಯಲ್ಲಿ ಬೆಕ್ಕು ಇದೆಯೇನೋ ಅಂದುಕೊಂಡು ಮುಂದೆ ಹೋದರು.

ನನಗೆ ಅರ್ಥವಾಯಿತು. ಮಾರ್ಚಿನಲ್ಲಿ ಅವಳ ಹುಟ್ಟುಹಬ್ಬಕ್ಕೆ ನೀನು ತಂದೆಯಲ್ಲ, ಮುಚ್ಚಳದ ಪ್ಲಾಸ್ಟಿಕ್ ತಟ್ಟೆ, ಒಳಗೆ ಬೂಷ್ಟಿನಲ್ಲೇ ಬರೆದ ಬೆಕ್ಕು. ಹಸಿರು ಮಖಮಲ್ಲಿನ ಹಾಗಿತ್ತು. ಸುತ್ತ ಟೇಪು ಸುತ್ತಿ ಕೊಟ್ಟಿದ್ದೆ. ಎಲ್ಲರೂ ಕೊಟ್ಟ ಆಟದ ಸಾಮಾನು ಬಿಟ್ಟು ಅದನ್ನೇ ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದಳು. ಡಾಕ್ಟರು ಹೋದ ಮೇಲೆ ಕೇಳಿದೆ. "ಟೇಪ್ ಬಿಚ್ಚಿದ್ದೆ ಅಮ್ಮ. ದಿನಾ ನೇವರಿಸ್ತಿದ್ದೆ. ಕೈಗೆ ಪುಡಿ ಹತ್ತಿದ್ರೆ ಊದಿಬಿಡ್ತಿದ್ದೆ. ಬೈತೀಯಾ?" ಅಂದಳು.

ಇಲ್ಲ ಅಂದೆ. ಇವರಿಗೆ ಹೇಳಿಲ್ಲ. ತಟ್ಟೆಯನ್ನು ನಾನು ಎರಡು ತಿಂಗಳ ಹಿಂದೆಯೇ ಮನೆ ಒರೆಸುವಾಗ ಕಸಕ್ಕೆ ಹಾಕಿದ್ದೆ. ಅದರಿಂದ ಏನೂ ಆಗಿರುವುದಿಲ್ಲ ಅಂತ ಒಂದು ಮಾತು ಬರೆ. ಬೇಗ ಬರೆ.

ನಿನ್ನ ತಂಗಿ

*

ಜೂನ್ ೧೨

ತಂಗೀ,

ಒಂದು ಮಾತಲ್ಲ, ಹತ್ತು ಮಾತು ಬರೆಯುತ್ತೇನೆ. ಆ ತಟ್ಟೆಯಿಂದ ಏನೂ ಆಗಿಲ್ಲ.

ನನ್ನನ್ನು ಏನೆಂದುಕೊಂಡೆ ನೀನು? ಕಾಯಿಲೆ ತರುವ ಬೂಷ್ಟನ್ನು ಮಗುವಿಗೆ ಆಡಲು ಕೊಡುತ್ತೇನೆಯೇ? ಅದು ಬೊಚ್ಚಿ. ಹಿಂದಿನ ಕಾಗದದಲ್ಲೇ ಬರೆದಿದ್ದೆನಲ್ಲ, ಹಲ್ಲು ಕಿತ್ತದ್ದು ಅಂತ. ಇಲಿಗಳ ಮೂಗಿಗೆ ಅದನ್ನು ಸುರಿದಿದ್ದೇವೆ, ಒಂದೂ ಸೀನಲಿಲ್ಲ. ನಮ್ಮಲ್ಲಿ ಹೊಸದಾಗಿ ಸೇರಿದವರಿಗೆ ಕೈ ಪಳಗಲೆಂದು ಮೊದಲು ಕೊಡುವುದೇ ಬೊಚ್ಚಿಯನ್ನು. ಅದರಲ್ಲಿ ಹೂವು, ಮೀನು, ನಮ್ಮ ಮುಖ್ಯಸ್ಥರ ಮೀಸೆ ಎಲ್ಲ ಬಿಡಿಸಿ ಗೋಡೆಗೆ ಸಾಲಾಗಿ ಇಟ್ಟಿದ್ದೇವೆ. ಬೆಕ್ಕು ಬಿಡಿಸಲು ನನಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಮೀಸೆಯ ಕೂದಲನ್ನು ಸೂಜಿಯ ತುದಿಯಲ್ಲಿ ಎಳೆದದ್ದು.

ನಿಮ್ಮ ಕಿಟಕಿ ತೆರೆದರೆ ಬೀದಿಯಿಂದ ಬರುವ ಗಾಳಿಯಲ್ಲಿ ಹಲ್ಲಿರುವ ಬೂಷ್ಟು ಎಷ್ಟೋ ಇರುತ್ತದೆ. ನಿನ್ನ ಯಜಮಾನರು ದಿನವೆಲ್ಲ ಲಿಫ್ಟಿನ ಗುಂಡಿಯೊಳಗೆ ಇಳಿದು ರಿಪೇರಿ ಮಾಡಿ, ಅದೇ ಬಟ್ಟೆಯಲ್ಲಿ ಬಂದು ಮಗುವನ್ನು ಎತ್ತಿಕೊಳ್ಳುತ್ತಾರೆ. ಆ ಗುಂಡಿಗಳ ತೇವ, ಧೂಳು ನಿನಗೆ ನೆನಪಾಗಲಿಲ್ಲ. ನನ್ನ ತಟ್ಟೆ ನೆನಪಾಯಿತು. ಮೊದಲಿನಿಂದಲೂ ಹಾಗೆಯೇ. ಮನೆಯಲ್ಲಿ ಏನು ಒಡೆದರೂ ಅಕ್ಕನ ಕೈ.

ಕೋಪದಲ್ಲಿ ಬರೆಯುತ್ತಿದ್ದೇನೆ, ಗೊತ್ತು. ಆದರೆ ತಿಳಿದದ್ದನ್ನೇ ಬರೆಯುತ್ತಿದ್ದೇನೆ. ಬೊಚ್ಚಿ ಯಾರಿಗೂ ಏನೂ ಮಾಡುವುದಿಲ್ಲ.

ಅಕ್ಕ

*

ಜೂನ್ ೧೩

ತಂಗೀ,

ನಿನ್ನೆಯ ಕಾಗದ ತಲುಪಿದರೆ ಹರಿದುಹಾಕು. ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ.

ಮೆಣಸಿನ ಶ್ವಾಸಕೋಶದಿಂದ ತೆಗೆದು ಬೆಳೆಸಿದ ಬೂಷ್ಟು ಆಸ್ಪತ್ರೆಯ ಲ್ಯಾಬಿನಲ್ಲಿ ಇನ್ನೂ ಇರುತ್ತದೆ. ಎಸೆಯಬಾರದು ಅಂತ ಇವತ್ತೇ ಹೇಳು. ಒಂದು ಟ್ಯೂಬು ನನಗೆ ಕಳಿಸಲಿ. ಡಾಕ್ಟರಿಗೆ ನಾನೂ ಬರೆದಿದ್ದೇನೆ.

ಏಕೆ ಅಂತ ಈಗ ಕೇಳಬೇಡ.

ಅಕ್ಕ

*

ಜೂನ್ ೨೦

ಅಕ್ಕ,

ಎರಡೂ ಒಂದೇ ದಿನ ಬಂದವು. ಹರಿದುಹಾಕು ಅಂದದ್ದನ್ನು ಮೊದಲು ಓದಿದೆ, ಆಮೇಲೆ ಇನ್ನೊಂದನ್ನು ಓದಿಯೇ ಹರಿದೆ. ಲಿಫ್ಟಿನ ಗುಂಡಿಯ ಮಾತು ಇವರ ಕಣ್ಣಿಗೆ ಬೀಳಬಾರದಿತ್ತು, ಬಿತ್ತು. ಆವತ್ತಿನಿಂದ ಇವರು ಮಗುವನ್ನು ಮುಟ್ಟುವ ಮೊದಲು ಮೊಣಕೈವರೆಗೆ ಸೋಪು ಹಾಕಿ ತಿಕ್ಕುತ್ತಾರೆ, ಚರ್ಮ ಕಿತ್ತುಬಂದಿದೆ. ಆಸ್ಪತ್ರೆಯಲ್ಲಿ ಹೇಗೂ ಕೈ ತೊಳೆಯಲೇಬೇಕು. ಇದು ಅದಲ್ಲ.

ಟ್ಯೂಬು ಕಳಿಸಿದ್ದಾರೆ. ನಿನಗೆ ಈಗಾಗಲೇ ಸಿಕ್ಕಿರಬೇಕು.

ಔಷಧಿ ಹೋಗುತ್ತಲೇ ಇದೆ. ಎದೆಯ ಎಕ್ಸ್‌ರೇ ಚಿತ್ರದಲ್ಲಿ ಕಾಣುವ ಬೂಷ್ಟಿನ ನೆರಳು ಬೆಳೆಯುತ್ತಿಲ್ಲ, ಕರಗುತ್ತಲೂ ಇಲ್ಲ ಅನ್ನುತ್ತಾರೆ. ಮುಂದೆ ಅಸ್ಥಿಮಜ್ಜೆ ಬದಲಿಸಿದರೆ ಅವಳ ರಕ್ತವೇ ಸರಿಹೋಗುತ್ತದಂತೆ, ಆದರೆ ಎದೆಯಲ್ಲಿ ಬೂಷ್ಟು ಇಟ್ಟುಕೊಂಡು ಅದನ್ನು ಮಾಡುವ ಹಾಗಿಲ್ಲ. ಇನ್ನೊಂದು ದಾರಿ ಬೇರೆಯವರ ಬಿಳಿ ಕಣ ತಂದು ಏರಿಸುವುದು. ಅದರಿಂದ ಉಸಿರು ಕಟ್ಟಬಹುದು, ಆಮೇಲೆ ಮಜ್ಜೆ ಹಿಡಿಯದೇ ಹೋಗಬಹುದು. ಅಷ್ಟು ಅಪಾಯಕ್ಕೆ ತಕ್ಕ ಫಲ ಸಿಗುತ್ತದೋ ಇಲ್ಲವೋ ಅಂತ ಡಾಕ್ಟರು ಹಿಂದೆಮುಂದೆ ನೋಡುತ್ತಿದ್ದಾರೆ.

ಮೆಣಸು ದಿನದಿನಕ್ಕೆ ಹಗುರಾಗುತ್ತಿದ್ದಾಳೆ. ಎತ್ತಿದರೆ ಗೊತ್ತಾಗುತ್ತದೆ. ಏನಿದ್ದರೂ ನೇರವಾಗಿ ಬರೆ. ಸುತ್ತಿಬಳಸಿ ಬರೆದರೆ ಓದುವುದಿಲ್ಲ.

ತಂಗಿ

*

ಜೂನ್ ೨೮

ತಂಗೀ,

ನೇರವಾಗಿಯೇ ಬರೆಯುತ್ತೇನೆ. ಅವಳ ಎದೆಯಲ್ಲಿರುವುದು ಬೊಚ್ಚಿ.

ನಾವು ಜೀನನ್ನು ಕಿತ್ತ ಜಾಗದಲ್ಲಿ ಗುರುತಿಗೆಂದು ಇನ್ನೊಂದು ತುಣುಕು ಸೇರಿಸಿರುತ್ತೇವೆ. ಹೊರಗಿನ ಯಾವ ಬೂಷ್ಟಿನಲ್ಲೂ ಅದು ಇರುವುದಿಲ್ಲ. ಆಸ್ಪತ್ರೆಯಿಂದ ಬಂದ ಟ್ಯೂಬಿನಲ್ಲಿ ಅದಿತ್ತು. ಮೂರು ಸಲ ನೋಡಿದೆ. ಬೇರೆಯವರ ಕೈಯಲ್ಲೂ ಮಾಡಿಸಿದೆ, ಯಾರದೆಂದು ಹೇಳದೆ. ಗಾಳಿಯದಲ್ಲ, ಲಿಫ್ಟಿನ ಗುಂಡಿಯದಲ್ಲ. ನಾನು ಕೊಟ್ಟ ಬೆಕ್ಕು. ಇದನ್ನು ನಿನ್ನ ಯಜಮಾನರಿಗೆ ಓದಿ ಹೇಳು, ನಾನೇ ಹೇಳಿದೆ ಅನ್ನು. ಅವರ ಕೈ ತೊಳೆಯುವುದು ನಿಲ್ಲಲಿ.

ಹೇಗೆ ಹೊಳೆಯದೇ ಹೋಯಿತು ಅಂತ ನೀನು ಕೇಳುತ್ತೀಯ. ನಾನೂ ಕೇಳಿಕೊಳ್ಳುತ್ತಿದ್ದೇನೆ. ನಿನಗೆ ಆ ಕಾಗದ ಅಂಚೆಗೆ ಹಾಕಿ ಬಂದು, ಕ್ಯಾಂಟೀನಿನಲ್ಲಿ ಟೀ ಲೋಟ ಹಿಡಿದು ಕೂತಿದ್ದೆ. ಕೋಪ ಇನ್ನೂ ಇಳಿದಿರಲಿಲ್ಲ, ನಿನ್ನ ಜೊತೆ ಮನಸ್ಸಿನಲ್ಲೇ ವಾದ ಮಾಡುತ್ತಿದ್ದೆ. ಬೊಚ್ಚಿಗೆ ವಿಷ ತಡೆಯುವ ಶಕ್ತಿಯೇ ಇಲ್ಲ ಕಣೇ, ಬಿಳಿ ಕಣ ವಿಷ ಸುರಿದ ಕೂಡಲೇ ಸಾಯುತ್ತದೆ ಅಂತ ನಿನಗೆ ಹೇಳುತ್ತಿದ್ದೆ. ಅಲ್ಲಿಗೆ ಮಾತು ನಿಂತಿತು. ವಿಷ ಸುರಿಯಲು ಅವಳ ಬಳಿ ವಿಷವೇ ಇಲ್ಲ. ಅವಳ ಕಣಗಳು ನೀಲಿಯಾಗಲಿಲ್ಲ ಅಂತ ನೀನೇ ಬರೆದಿದ್ದೆ, ಆ ಪರೀಕ್ಷೆ ಮಾಡಿಸು ಅಂದವಳು ನಾನೇ. ಮಳೆಯೇ ಬಾರದ ಊರಿನಲ್ಲಿ ಕೊಡೆ ಇದ್ದವನೂ ಒಂದೇ, ಇಲ್ಲದವನೂ ಒಂದೇ. ಅವಳೊಳಗೆ ಬೊಚ್ಚಿಗೂ ಹಲ್ಲಿರುವ ಕಾಡುಬೂಷ್ಟಿಗೂ ವ್ಯತ್ಯಾಸವಿಲ್ಲ.

ಬೊಚ್ಚಿ ಏನೂ ಮಾಡಲ್ಲ, ಬೊಚ್ಚಿ ಏನೂ ಮಾಡಲ್ಲ ಅಂತ ಅಷ್ಟು ವರ್ಷ ಹೇಳಿ ಹೇಳಿ, ಯಾರಿಗೆ ಅನ್ನುವ ಪ್ರಶ್ನೆ ಬಿಟ್ಟೇಹೋಗಿತ್ತು. ನಮ್ಮ ಇಲಿಗಳಿಗೆ ಒಳ್ಳೆಯ ರಕ್ತವಿತ್ತು. ಅವುಗಳಲ್ಲಿ ಕಂಡದ್ದನ್ನು ನಾನು ಎಲ್ಲ ಜೀವಗಳಿಗೂ ಅನ್ವಯಿಸಿದೆ.

ಈಗ ಮುಖ್ಯವಾದದ್ದು ಕೇಳು. ಇದು ಬೊಚ್ಚಿ ಅಂತ ಗೊತ್ತಾದ ಮೇಲೆ ಲೆಕ್ಕ ಬದಲಾಗುತ್ತದೆ. ಬೇರೆಯವರ ಬಿಳಿ ಕಣ ಏರಿಸಿದರೆ ಅವು ವಿಷ ಸುರಿಯುತ್ತವೆ. ಕಾಡುಬೂಷ್ಟಾಗಿದ್ದರೆ ಸ್ವಿಚ್ಚು ಒತ್ತಿ ತಡೆದುಕೊಂಡು ನಿಲ್ಲುತ್ತಿತ್ತು. ಇದು ನಿಲ್ಲಲಾರದು. ಡಾಕ್ಟರಿಗೆ ಎಲ್ಲವನ್ನೂ ಬರೆದು ತಿಳಿಸಿದ್ದೇನೆ, ತಟ್ಟೆಯ ವಿಷಯ ಸಮೇತ. ನಮ್ಮ ಸಂಸ್ಥೆಗೂ ತಿಳಿಸಿದ್ದೇನೆ. ಏರಿಸಲಿ ಅನ್ನುವುದು ನನ್ನ ಮಾತು. ಮತ್ತೆ ನನ್ನ ಮಾತಿಗೆ ಈಗ ಎಷ್ಟು ಬೆಲೆ ಅಂತ ನೀನು ತೀರ್ಮಾನಿಸು.

ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಅಕ್ಕ

*

ಜುಲೈ ೩

ಡಾಕ್ಟರು ಏರಿಸುತ್ತಾರಂತೆ. ಹೆತ್ತವರು ಕೊಡುವ ಹಾಗಿಲ್ಲ, ಮುಂದೆ ಮಜ್ಜೆಗೆ ನಾವು ಬೇಕು. ಅವಳ ಗುಂಪಿನ ರಕ್ತ ಸುಲಭಕ್ಕೆ ಸಿಗುತ್ತಿಲ್ಲ.

ನಿನ್ನದು ಅದೇ ಗುಂಪು ಅಲ್ಲವೇ. ಹೌದಾದರೆ ಬಾ.

ತಂಗಿ

*

ಜುಲೈ ೨೪

ತಂಗೀ,

ಇದನ್ನು ಮೊದಲ ಮಹಡಿಯ ರಕ್ತದ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ನೀನು ಐದನೆಯದರಲ್ಲಿದ್ದೀಯ. ಎಡಗೈಯಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಬಿಳಿ ಕಣ ಸೋಸಿಕೊಂಡು ಉಳಿದದ್ದನ್ನು ಬಲಗೈಗೆ ವಾಪಸ್ ಕೊಡುತ್ತದೆ. ಇವತ್ತಿನದು ಮುಗಿಯಿತು. ಬರೆಯಲೆಂದು ಕೈ ಬಿಡಿಸಿದ್ದಾರೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಎರಡು ವಾರದಿಂದ ಬರುತ್ತಿದ್ದೇನೆ, ನಿನ್ನ ಮುಖ ನೋಡಿಲ್ಲ. ಮೊದಲ ದಿನ ಮೇಲೆ ಬಂದಿದ್ದೆ. ಬಾಗಿಲಲ್ಲಿ ನರ್ಸಮ್ಮ ತಡೆದು "ನಿಮ್ಮನ್ನ ಬಿಡಬೇಡಿ ಅಂದಿದ್ದಾರೆ ಮಗುವಿನ ತಾಯಿ. ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ ಮೇಡಂ" ಅಂದರು. ಬೇಜಾರೇನೂ ಇಲ್ಲ ಅಂತ ಹೇಳಿ ಮೆಟ್ಟಿಲಿಳಿದೆ. ಸುಳ್ಳು ಹೇಳಿದೆ.

ಮೊದಲು ನನ್ನ ಕಣಗಳನ್ನೂ ಬಣ್ಣ ಹಾಕಿ ನೋಡಿದರು, ಅವು ವಿಷ ತಯಾರಿಸುತ್ತವೆಯೋ ಇಲ್ಲವೋ ಎಂದು. ಎಲ್ಲವೂ ನೀಲಿ. ಆ ನೀಲಿ ನೋಡಿ ನಾಚಿಕೆಯಾಯಿತು. ನನ್ನ ಮೈಯಲ್ಲಿ ಅದು ಯಾವ ಕೆಲಸಕ್ಕೂ ಬಾರದೆ ಐವತ್ತು ವರ್ಷ ಓಡಾಡಿಕೊಂಡಿತ್ತು.

ಸಂಸ್ಥೆಯವರು ನನ್ನನ್ನು ಒಳಗೆ ಬಿಡುತ್ತಿಲ್ಲ. ಬೊಚ್ಚಿಯ ಎಲ್ಲ ಟ್ಯೂಬುಗಳನ್ನೂ ಗೋಡೆಯ ಮೇಲಿದ್ದ ಹೂವು ಮೀನುಗಳನ್ನೂ ಆಟೋಕ್ಲೇವಿನ ಬಿಸಿ ಹಬೆಗೆ ಹಾಕಿ ಬೇಯಿಸಿ ಕೊಂದರಂತೆ. ಸರಿಯಾಗಿಯೇ ಮಾಡಿದರು. ಇದನ್ನು ನಿನ್ನ ಕನಿಕರಕ್ಕೆ ಬರೆಯುತ್ತಿಲ್ಲ.

ಸೋಮವಾರ ಡಾಕ್ಟರು ಹೊಸ ಚಿತ್ರ ತಂದು ತೋರಿಸಿದರು. ನಿನಗೂ ತೋರಿಸಿರಬೇಕು. ಎದೆಯ ಆ ನೆರಳು ಅರ್ಧಕ್ಕಿಂತ ಕಡಿಮೆಯಾಗಿದೆ. ಇಷ್ಟು ಬೇಗ ಕರಗಿದ್ದು ಎಲ್ಲೂ ನೋಡಿಲ್ಲ ಅಂದರು. ಸಂಜೆಯೊಳಗೆ ನಮ್ಮ ಮುಖ್ಯಸ್ಥರ ಫೋನು ಬಂತು. ಒಂದು ತಿಂಗಳಿಂದ ನನ್ನ ಹೆಸರೆತ್ತದ ಮನುಷ್ಯ. "ಆಗಿದ್ದು ಆಗೋಯ್ತು. ಆದ್ರೆ ಮನುಷ್ಯರ ಮೈಯಲ್ಲೇ ಸ್ವಿಚ್ಚಿನ ಕೆಲಸ ಹೀಗೆ ಸಾಬೀತಾಗಿದ್ದು ಯಾರ ಹತ್ರಾನೂ ಇಲ್ಲ. ವಿಜ್ಞಾನ ಪತ್ರಿಕೆಗೆ ಬರೀಲೇಬೇಕು. ಮಗುವಿನ ತಾಯಿ ಒಪ್ಪಿದ್ರೆ ಸಾಕು" ಅಂದರು. ನಾನು ಕೇಳುವುದಿಲ್ಲ ಅಂದೆ.

ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯವಳಾಗಿ ಕಾಣುತ್ತಿದ್ದೆ. ಆದರೆ ಇನ್ನೊಂದು ಮಾತು ಹೇಳುವುದಿದೆ. ಆ ಚಿತ್ರವನ್ನು ಬೆಳಕಿಗೆ ಹಿಡಿದಾಗ ನನಗೆ ಮೊದಲು ಬಂದದ್ದು ಮೆಣಸಿನ ಯೋಚನೆಯಲ್ಲ. ನೋಡಿದಿರಾ, ನಾನು ಹೇಳಿದ್ದು ಸರಿ, ಸ್ವಿಚ್ಚಿಲ್ಲದೆ ಅದು ನಿಲ್ಲಲಾರದು ಅಂತ ಮನಸ್ಸು ಕುಣಿಯಿತು. ಹದಿನೈದು ವರ್ಷ ಇಲಿಗಳಲ್ಲಿ ಹುಡುಕಿದ್ದು ಕಣ್ಣೆದುರಿಗಿತ್ತು. ಎಷ್ಟು ಹೊತ್ತು ಕುಣಿಯಿತೋ, ಆಮೇಲೆ ಅದು ಯಾರ ಎದೆ ಅಂತ ನೆನಪಾಯಿತು. ಇದನ್ನು ಇನ್ನು ಯಾರಿಗೂ ಹೇಳಲಾರೆ. ಬಚ್ಚಿಟ್ಟುಕೊಂಡು ಅವಳೆದುರು ಬಂದು ನಿಲ್ಲಲೂ ಆರೆ. ನೀನು ಕರೆದರೆ ಎಲ್ಲ ಹೇಳಿಕೊಂಡವಳಾಗಿ ಬರಬೇಕು ಅಂತ ಬರೆದೆ.

ಕರೆಯುತ್ತೀಯಾ?

ಅಕ್ಕ

*

ಜುಲೈ ೨೬

ಅಕ್ಕ,

ಮೆಣಸಿನ ಜ್ವರ ಇಳಿದಿದೆ. ನಿನ್ನೆ ಸೂಜಿ ಚುಚ್ಚಲು ಬಂದ ನರ್ಸಿಗೆ "ನಿಮಗೆ ಬೇರೆ ಕೆಲಸ ಇಲ್ವಾ?" ಅಂದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಿನ್ನ ರಕ್ತ ಕೆಲಸ ಮಾಡಿದೆ. ಅದನ್ನು ಇಲ್ಲ ಅನ್ನುವವಳು ನಾನಲ್ಲ.

ಸೋಮವಾರ ನನಗೂ ಆ ಚಿತ್ರ ತೋರಿಸಿದರು. ನೆರಳು ಎಲ್ಲಿ ಅಂತ ನನಗೆ ತಿಳಿಯಲೇ ಇಲ್ಲ, ಡಾಕ್ಟರು ಬೆರಳಿಟ್ಟು ತೋರಿಸಬೇಕಾಯಿತು. ನಾನು ಅವಳ ಪಕ್ಕೆಲುಬು ನೋಡುತ್ತಿದ್ದೆ. ಎಷ್ಟು ಸಣ್ಣಗಿವೆ, ಒಂದೊಂದನ್ನೂ ಎಣಿಸಬಹುದು.

ಆವತ್ತು ಸಂಜೆ ಇವರ ಜೊತೆ ಜಗಳ ಮಾಡಿದೆ, ನಿನ್ನನ್ನು ಮೇಲೆ ಕರೆಯುತ್ತೇನೆ ಅಂತ. ಇವರು ಬೇಡವೇ ಬೇಡ ಅಂದರು. ಅವಳು ಬೇಕೆಂದು ಮಾಡಿದಳಾ, ಒಂದು ಭಾನುವಾರ ಪೂರ್ತಿ ಕೂತು ಮಗುವಿಗೆ ಬೆಕ್ಕು ಬಿಡಿಸಿದವಳು, ತಪ್ಪು ಯಾರಿಂದ ಆಗಲ್ಲ ಹೇಳಿ ಅಂದೆ. ನಾನು ನಿನ್ನ ಪರ ಅಷ್ಟು ಮಾತಾಡಿದ್ದು ನಮ್ಮ ಮದುವೆಯಾದ ಮೇಲೆ ಇದೇ ಮೊದಲು. ಕೊನೆಗೆ "ನಿನ್ನಿಷ್ಟ" ಅಂದರು. ಈ ವಾರವೇ ಕರೆಯುವವಳಿದ್ದೆ. ಬಂದರೆ ಕೈ ಎಲ್ಲಿ ತೊಳೆಯಬೇಕು, ಯಾವ ಕುರ್ಚಿಯಲ್ಲಿ ಕೂರಬೇಕು ಅಂತ ಮೆಣಸು ಆಗಲೇ ಎಲ್ಲ ತೀರ್ಮಾನ ಮಾಡಿಟ್ಟಿದ್ದಳು.

ಅಷ್ಟರಲ್ಲಿ ನಿನ್ನ ಕಾಗದ ಬಂತು.

ತಟ್ಟೆಯನ್ನು ನಾನು ಕ್ಷಮಿಸಿದ್ದೆ. ಮನಸಾರೆ ಕ್ಷಮಿಸಿದ್ದೆ. ಆದರೆ ನನ್ನ ಮಗಳ ಎದೆಯ ಚಿತ್ರ ಹಿಡಿದುಕೊಂಡು ನೀನು ಗೆದ್ದೆ ಅಂದುಕೊಂಡೆಯಲ್ಲ, ಅದನ್ನು ಏನು ಮಾಡಲಿ? ಅದಕ್ಕೆ ಮದ್ದು ಎಲ್ಲಿಂದ ತರಲಿ? ನೀನು ಬಚ್ಚಿಟ್ಟುಕೊಳ್ಳಬೇಕಿತ್ತು. ಸಾಯುವವರೆಗೆ ಬಚ್ಚಿಟ್ಟುಕೊಂಡು ಒಳಗೊಳಗೇ ಬೇಯಬೇಕಿತ್ತು. ಹೇಳಿ ನಿನ್ನ ಎದೆ ಹಗುರ ಮಾಡಿಕೊಂಡೆ. ಇನ್ನು ನೀನು ಅವಳ ತಲೆ ನೇವರಿಸಿದರೆ, ಏನು ನೋಡುತ್ತಿದ್ದೀಯ ಅಂತ ನಾನು ನಿನ್ನ ಕಣ್ಣನ್ನೇ ನೋಡುತ್ತಾ ಕೂರಬೇಕು. ನನ್ನಿಂದಾಗದು.

ನಿಮ್ಮ ಮುಖ್ಯಸ್ಥರಿಗೆ ನಾನು ಒಪ್ಪಿದೆ ಅಂತ ಹೇಳು. ಬರೆಯಿರಿ. ಬೇರೆ ಯಾರ ಮಗುವಿಗಾದರೂ ಉಪಯೋಗವಾಗಲಿ. ನಿನ್ನ ಹೆಸರನ್ನು ಮೊದಲು ಹಾಕಿಕೊಳ್ಳಲು ಹೇಳು, ಸಂಪಾದಿಸಿದ್ದೀಯ.

ಮೆಣಸಿಗೆ ದೊಡ್ಡಮ್ಮ ಊರಿಗೆ ಹೋದಳು ಅಂದಿದ್ದೇನೆ. ಯಾವಾಗ ಬರ್ತಾಳೆ ಅಂತ ಕೇಳಿದಳು. ಕೆಲಸ ಜಾಸ್ತಿ ಅಂದೆ.

ಅವಳಿಗೆ ನಿನ್ನ ಕಣ ಇನ್ನೂ ಕೆಲವು ಸಲ ಬೇಕಂತೆ. ಬೇರೆ ಯಾರಾದರೂ ಸಿಕ್ಕಿದ್ದರೆ ನಿನಗೆ ಈ ಕಾಗದವನ್ನೂ ಬರೆಯುತ್ತಿರಲಿಲ್ಲ. ಗುರುವಾರ ಬೆಳಿಗ್ಗೆ ನಿನ್ನ ಸರದಿ. ಬಿಳಿ ಕಣ ಹೆಚ್ಚಿಸಲು ಹಿಂದಿನ ದಿನ ಕೊಡುವ ಇಂಜೆಕ್ಷನ್ ತಪ್ಪಿಸಬೇಡ, ಹೊಟ್ಟೆ ತುಂಬ ತಿಂದುಕೊಂಡು ಬಾ, ಬಿಸಿಲಲ್ಲಿ ನಡೆಯದೆ ಆಟೋದಲ್ಲಿ ಬಾ. ಕೊಟ್ಟಾದ ಮೇಲೆ ಕೆಳಗಿನಿಂದಲೇ ಹೊರಟುಹೋಗು.

ಮೆಣಸಿನ ತಾಯಿ